ಪದವಿನ ಮೇಲೆ ಒಂದು ರಾತ್ರಿ

ನಮ್ಮಲ್ಲಿ ಮನೆ ಬಿಟ್ಟು ಹೊರಗೆ ರಾತ್ರಿ ಕಳೆಯಬೇಕಾದರೆ ಒಂದು ಕಾರಣ ಬೇಕು. ಮದುವೆ, ಮರಣ, ಆಸ್ಪತ್ರೆ, ಉರೂಸ್, ರೈಲು, ವಿಮಾನ. ಇಷ್ಟು ಕಾರಣಗಳನ್ನು ಮನೆಯವರು ಒಪ್ಪುತ್ತಾರೆ. ಸುಮ್ಮನೆ ಗೆಳೆಯರ ಜೊತೆ ಗುಡ್ಡದಲ್ಲಿ ಮಲಗಿ ಬರುತ್ತೇನೆ ಎಂದರೆ ಯಾರಿಗೂ ಅರ್ಥವಾಗುವುದಿಲ್ಲ. ‘ಗಲ್ಫಿನಲ್ಲಿ ಅಷ್ಟು ವರ್ಷ ಬೆವರು ಸುರಿಸಿ ಕಟ್ಟಿದ ಮನೆ ಇದೆ, ಫ್ಯಾನ್ ಇದೆ, ಹಾಸಿಗೆ ಇದೆ. ಕಲ್ಲಿನ ಮೇಲೆ ಯಾಕೆ ಮಲಗುವುದು?’ ಎಂದು ನಮ್ಮ ಉಮ್ಮಂದಿರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ.

ಈಗಿನ ಹುಡುಗರು ಈ ಪ್ರಶ್ನೆಗೆ ಉತ್ತರ ಹೇಳುತ್ತಾ ನಿಲ್ಲುವುದಿಲ್ಲ. ಉಪ್ಪಳ, ಕುಂಬಳೆ, ಮಂಗಳೂರು ಕಡೆಯ ಹುಡುಗರು ಬೈಕು ಹತ್ತಿ ಪೊಸಡಿ ಗುಂಪೆಗೆ ಹೋಗುತ್ತಾರೆ. ಇನ್ನೂ ದೂರ ಹೋಗುವವರಿಗೆ ಪಾಣತ್ತೂರು ಕಡೆ ರಾಣಿಪುರವಿದೆ. ಹಿಂದೆ ಅದನ್ನು ಮಾಡತ್ತುಮಲ ಎನ್ನುತ್ತಿದ್ದರು, ಸಾವಿರ ಮೀಟರಿಗೂ ಎತ್ತರದ ಹುಲ್ಲುಬೆಟ್ಟ. ಟೆಂಟು ಈಗ ಆನ್‌ಲೈನಿನಲ್ಲಿ ಮನೆ ಬಾಗಿಲಿಗೇ ಬರುತ್ತದೆ. ಆದರೆ ನಾನು ಹೇಳಹೊರಟಿರುವುದು ಹುಡುಗರ ಕಥೆಯಲ್ಲ. ನಲವತ್ತು ದಾಟಿದ ಐದು ಮಂದಿ ಕಳೆದ ಜನವರಿಯಲ್ಲಿ ಒಂದು ರಾತ್ರಿ ಪದವಿನ ಮೇಲೆ ಮಲಗಿ ಬಂದ ಕಥೆ.

ನಾವು ಐವರೂ ಒಂದೇ ಕನ್ನಡ ಶಾಲೆಯಲ್ಲಿ ಕಲಿತವರು. ಒಬ್ಬ ಒಮಾನಿನಲ್ಲಿದ್ದಾನೆ, ಒಬ್ಬ ರಿಕ್ಷಾ ಓಡಿಸುತ್ತಾನೆ, ಒಬ್ಬ ಶಾಲೆಯಲ್ಲಿ ಮಾಷ್. ಇನ್ನೊಬ್ಬ ಹವ್ಯಕರ ಮನೆಯವನು, ಅಡಿಕೆ ತೋಟ ನೋಡಿಕೊಂಡಿದ್ದಾನೆ. ಒಂದನೇ ಕ್ಲಾಸಿನಿಂದಲೂ ನಾವು ಅವನನ್ನು ಭಟ್ಟ ಎಂದೇ ಕರೆಯುವುದು. ನಾವು ನಾಲ್ವರು ನಮ್ಮೊಳಗೆ ಬ್ಯಾರಿ ಮಾತಾಡುತ್ತೇವೆ. ಭಟ್ಟ ಸೇರಿದ ಕೂಡಲೇ ಮಾತು ತಾನಾಗಿ ತುಳುವಿಗೆ ತಿರುಗುತ್ತದೆ. ಯಾರೋ ಮರೆತು ಬ್ಯಾರಿಯಲ್ಲಿ ಹೇಳಿದರೆ ಅವನೂ ಬ್ಯಾರಿಯಲ್ಲೇ ಉತ್ತರಿಸುತ್ತಾನೆ. ಗಂಭೀರ ವಿಷಯ ಬಂದರೆ ಎಲ್ಲರೂ ಕನ್ನಡಕ್ಕೆ ಬರುತ್ತೇವೆ, ಶಾಲೆಯ ಅಭ್ಯಾಸ.

ಜಾಗ ಹುಡುಕುವ ಕೆಲಸವೇ ಇರಲಿಲ್ಲ. ಒಮಾನಿನವನ ಬಾಪ ಬಿಟ್ಟುಹೋದ ಮೂರೂವರೆ ಎಕರೆ ಜಾಗ ಪೈವಳಿಕೆ ಕಡೆಯಲ್ಲಿದೆ. ಕೆಳಗೆ ಸ್ವಲ್ಪ ಅಡಿಕೆ, ತೆಂಗು. ಮೇಲೆ ಒಂದಷ್ಟು ಗೇರು ಮರ. ಅದರ ಮೇಲೆ ಬರೀ ಕೆಂಪುಕಲ್ಲಿನ ಬಯಲು, ನಾವು ಪದವು ಎನ್ನುವುದು. ಬಾಪ ತೀರಿಹೋಗಿ ಮೂರು ವರ್ಷವಾಯಿತು, ಉಮ್ಮ ಮೊದಲೇ ಇರಲಿಲ್ಲ. ಇವನಿಗೆ ಇಬ್ಬರು ತಂಗಿಯರು. ಷರೀಅತ್ತಿನ ಲೆಕ್ಕದಲ್ಲಿ ಅರ್ಧ ಇವನಿಗೆ, ಕಾಲು ಕಾಲು ತಂಗಿಯರಿಗೆ. ಪಾಲಾಗದೆ ಉಳಿದ ಆ ಜಾಗದ ಪದವಿಗೆ ಕೆಂಪುಕಲ್ಲಿನ ಕೋರೆಯವರು ಬೆಲೆ ಹೇಳಿದ್ದರು. ಒಬ್ಬ ತಂಗಿಯ ಮಗಳ ನಿಕಾಹ್ ನಿಶ್ಚಯವಾಗಿತ್ತು. ಬ್ರೋಕರ್ ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದ. ಒಂದು ತಿಂಗಳ ರಜೆಯಲ್ಲಿ ಇವನು ಇದನ್ನು ಮುಗಿಸಿ ಹೋಗಬೇಕಿತ್ತು.

‘ಕೊಡುವ ಮೊದಲು ಅಲ್ಲಿ ಒಂದು ರಾತ್ರಿ ಮಲಗುವ’ ಎಂದು ಹೇಳಿದ್ದು ಅವನೇ.

ಮಧ್ಯಾಹ್ನದ ನಂತರ ಹೊರಟೆವು. ಬಂದ್ಯೋಡಿನಿಂದ ಪೂರ್ವಕ್ಕೆ ತಿರುಗಿ ಪೆರ್ಮುದೆ ದಾಟಿ ಧರ್ಮತ್ತಡ್ಕದವರೆಗೆ ಹೋದೆವು. ಬಿಸಿಲಿರುವಾಗಲೇ ಪೊಸಡಿ ಗುಂಪೆ ಹತ್ತಿದೆವು. ಸಮುದ್ರಮಟ್ಟದಿಂದ ಸಾವಿರ ಅಡಿಗೂ ಮೇಲಿನ ಗುಡ್ಡ ಅದು. ದಾರಿ ಕಷ್ಟವಿಲ್ಲ, ಮರದ ನೆರಳಿಲ್ಲ ಅಷ್ಟೇ. ತುದಿಯಲ್ಲಿ ನಿಂತರೆ ಪಡುವಣಕ್ಕೆ ಅರಬ್ಬಿ ಸಮುದ್ರ, ಬಡಗಣಕ್ಕೆ ಮಂಗಳೂರು, ಅದರಾಚೆ ಮೂಡಣದ ಕಡೆಗೆ ಕುದುರೆಮುಖದ ಸಾಲು. ಜನವರಿಯ ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗಿತ್ತು. ಕತ್ತಲಾಗುವ ಮೊದಲೇ ಇಳಿದು ಅವನ ಜಾಗಕ್ಕೆ ಬಂದೆವು. ಪದವಿನ ಅಂಚಿನಲ್ಲಿ ನಿಂತರೆ ಗುಂಪೆಯ ಬೆನ್ನು ಅಲ್ಲಿಂದಲೂ ಕಾಣುತ್ತದೆ.

ಒಣಹುಲ್ಲಿನ ಪದವಿನಲ್ಲಿ ಬೆಂಕಿ ಹಾಕುವುದು ಬೇಡ ಎಂದು ಭಟ್ಟ ಮೊದಲೇ ಹೇಳಿದ್ದ. ಗಾಳಿಗೆ ಒಂದು ಕಿಡಿ ಹಾರಿದರೆ ಗೇರು ತೋಟ ಉಳಿಯುವುದಿಲ್ಲ. ಆದ್ದರಿಂದ ಹುಡುಗರ ಫೋಟೋದಲ್ಲಿ ಕಾಣುವ ಕ್ಯಾಂಪ್ ಫೈರ್ ನಮಗಿರಲಿಲ್ಲ. ಮನೆಯಿಂದ ತಂದ ಪತ್ತಿರ್, ಕೋಳಿ ಸಾರು, ಭಟ್ಟನಿಗೆ ಅವನ ಮನೆಯ ಬುತ್ತಿ. ತೋಟದ ಪಂಪ್‌ಶೆಡ್ಡಿನ ಸಿಮೆಂಟು ನೆಲದಲ್ಲಿ ಸಣ್ಣ ಗ್ಯಾಸ್ ಒಲೆ ಇಟ್ಟು ಹಾಲಿಲ್ಲದ ಚಹಾ ಮಾಡಿದೆವು. ಹತ್ತಿರದ ಎರಡು ಮನೆಯವರಿಗೆ ಮೊದಲೇ ಹೇಳಿದ್ದೆವು. ರಾತ್ರಿ ಟಾರ್ಚ್ ಬೆಳಕು ಕಂಡರೆ ಕೋಳಿ ಕಳ್ಳರೆಂದು ಬರಬಾರದಲ್ಲ.

ಚಾಂದ್ರಮಾಸದ ಎರಡನೇ ರಾತ್ರಿ. ಎಳೆಯ ಚಂದ್ರ ಸ್ವಲ್ಪ ಹೊತ್ತು ಸಮುದ್ರದ ಮೇಲಿದ್ದು ಮುಳುಗಿದ. ಆಮೇಲೆ ಕತ್ತಲೆ. ವಾಯವ್ಯದ ಅಂಚಿನಲ್ಲಿ ಮಾತ್ರ ಒಂದು ಕಿತ್ತಳೆ ಬಣ್ಣದ ಬೆಳಕು ಆಕಾಶಕ್ಕೆ ಹತ್ತಿಕೊಂಡಂತೆ ಇತ್ತು. ‘ಅದು ಮಂಗಳೂರು’ ಎಂದ ರಿಕ್ಷಾದವ.

ಅವನು ಅದನ್ನು ತುಂಬ ಹೊತ್ತು ನೋಡಿದ. ನಮ್ಮ ಕಡೆಯವರಿಗೆ ದೊಡ್ಡ ಕಾಯಿಲೆ ಎಂದರೆ ಮಂಗಳೂರು, ಚಿನ್ನ ಎಂದರೆ ಮಂಗಳೂರು, ಕಾಲೇಜೂ ಮಂಗಳೂರೇ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದಿಂದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿದ ಮೇಲೂ ನಮ್ಮ ಕಾಲು ಆ ಕಡೆಗೇ ನಡೆಯುತ್ತದೆ. 2020ರ ಮಾರ್ಚ್‌ನಲ್ಲಿ ಕೊರೋನಾ ಬಂದಾಗ ತಲಪಾಡಿಯಲ್ಲೂ ಒಳರಸ್ತೆಗಳಲ್ಲೂ ಗಡಿ ಮುಚ್ಚಿತು, ಕೆಲವೆಡೆ ರಸ್ತೆಗೆ ಮಣ್ಣು ಸುರಿಯಲಾಯಿತು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ರೋಗಿಗಳಿಗಾಗಿ ದಾರಿ ತೆರೆಯಿಸಬೇಕೆಂದು ಆದೇಶ ಕೊಟ್ಟಿತು. ಅದಕ್ಕೆ ಮೊದಲಿನ ದಿನಗಳಲ್ಲಿ ಡಯಾಲಿಸಿಸ್‌ಗೆ ಹೋಗುವ ಒಬ್ಬ ಅಜ್ಜನನ್ನು ಕೂರಿಸಿಕೊಂಡು ಇವನು ಎರಡು ದಾರಿಯಲ್ಲಿ ಹೋಗಿ ಎರಡರಿಂದಲೂ ವಾಪಸು ಬಂದಿದ್ದ. ಆ ಅಜ್ಜ ಈಗಿಲ್ಲ. ಆ ವಿಷಯ ನಮಗೆಲ್ಲ ಗೊತ್ತು, ಆದರೆ ಅವನ ಬಾಯಿಯಿಂದ ಕೇಳಿದ್ದು ಆ ರಾತ್ರಿಯೇ. ‘ಇಲ್ಲಿಂದ ನೋಡಿದರೆ ನಡುವೆ ಏನೂ ಇಲ್ಲ’ ಎಂದಷ್ಟೇ ಹೇಳಿ ಚಹಾ ಕುಡಿದ. ಮದುವೆ ಮನೆಯಲ್ಲಿ ಸಿಕ್ಕಾಗ ಇಂಥ ಮಾತಿಗೆ ಜಾಗ ಇರುವುದಿಲ್ಲ. ಅಲ್ಲಿ ಎಲ್ಲರಿಗೂ ಅವಸರ, ಬಿರಿಯಾನಿಗೆ ಮುಂದಿನ ಪಂಕ್ತಿ ಕಾಯುತ್ತಿರುತ್ತದೆ.

ಇಶಾ ನಮಾಜಿಗೆ ನೀರಿನ ಲೆಕ್ಕ ಹಾಕಬೇಕಾಯಿತು. ಕರೆಂಟು ಇಲ್ಲದ ಕಾರಣ ಪಂಪು ನಡೆಯುತ್ತಿರಲಿಲ್ಲ. ತೋಟದ ಮೇಲ್ಬದಿಯ ಸುರಂಗದಿಂದ ಎರಡು ಕ್ಯಾನಿನಲ್ಲಿ ನಲವತ್ತು ಲೀಟರ್ ತುಂಬಿಸಿ ಮೇಲಕ್ಕೆ ಹೊತ್ತು ತಂದಿದ್ದೆವು. ಮನೆಯಲ್ಲಿ ನಲ್ಲಿ ಬಿಟ್ಟು ವುಝೂ ಮಾಡುವವರಿಗೆ ಎಷ್ಟು ನೀರು ಹೋಗುತ್ತದೆ ಎಂಬುದೇ ಗೊತ್ತಿಲ್ಲ. ಪ್ರವಾದಿಯವರು ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರೆಂದು ಮದ್ರಸದಲ್ಲಿ ಕಲಿತದ್ದು ಮಾಷ್ ನೆನಪಿಸಿದ. ಮುದ್ದ್ ಎಂದರೆ ಎರಡು ಕೈ ಜೋಡಿಸಿದ ಒಂದು ಬೊಗಸೆ, ಮುಕ್ಕಾಲು ಲೀಟರಿಗೂ ಕಡಿಮೆ. ಒಂದು ಲೀಟರಿನ ಬಾಟಲಿ ಹಿಡಿದು ಪ್ರಯತ್ನಿಸಿದೆವು. ಸಾಕಾಗುತ್ತದೆ. ಬಾಟಲಿಯಲ್ಲಿ ಸ್ವಲ್ಪ ಉಳಿಯುತ್ತದೆ ಕೂಡ.

ಆ ಸುರಂಗದಿಂದಲೇ ನಿಜವಾದ ಮಾತು ಶುರುವಾಯಿತು.

ಕಾಸರಗೋಡಿನವರಿಗೆ ಸುರಂಗ ಎಂದರೆ ವಿವರಿಸಬೇಕಾಗಿಲ್ಲ. ಆದರೆ ನಮ್ಮ ಮಕ್ಕಳಲ್ಲಿ ಎಷ್ಟು ಮಂದಿ ನೋಡಿದ್ದಾರೆ? ಬಾವಿಯನ್ನು ಕೆಳಕ್ಕೆ ತೋಡುತ್ತೇವೆ, ಸುರಂಗವನ್ನು ಗುಡ್ಡದೊಳಕ್ಕೆ ಅಡ್ಡಕ್ಕೆ ಕೊರೆಯುತ್ತೇವೆ. ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಎತ್ತರ, ಭುಜ ತಾಗುವಷ್ಟು ಅಗಲ. ಉದ್ದವನ್ನು ಕೋಲಿನ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಕೋಲು ಸುಮಾರು 72 ಸೆಂಟಿಮೀಟರ್. ಕೊರೆಯುವವರು ಒಳಗೆ ದೀಪ ಇಟ್ಟುಕೊಳ್ಳುತ್ತಾರೆ. ದೀಪ ಮಂಕಾದರೆ ಗಾಳಿ ಸಾಲದು ಎಂದು ಹೊರಗೆ ಬರಬೇಕು. ನೀರು ಸಿಕ್ಕಿದ ಮೇಲೆ ಬಾಯಿಯ ಹತ್ತಿರ ಸಣ್ಣ ಕೆರೆ ಮಾಡಿ ನಿಲ್ಲಿಸುತ್ತಾರೆ. ಹಿಂದೆ ಅಡಿಕೆ ಮರದ ದಂಬೆಯಲ್ಲಿ ತೋಟಕ್ಕೆ ಹರಿಸುತ್ತಿದ್ದರು, ಈಗ ಪೈಪು. ಪಂಪು ಬೇಡ, ಕರೆಂಟು ಬೇಡ.

ಒಮಾನಿನವ ಒಂದು ವಿಷಯ ಹೇಳಿದ. ಅಲ್ಲಿ ಅವನಿರುವ ಊರಿನ ಖರ್ಜೂರದ ತೋಟಕ್ಕೂ ಬೆಟ್ಟದಿಂದ ನೀರು ಹೀಗೆಯೇ ಬರುತ್ತದಂತೆ. ಅದಕ್ಕೆ ಫಲಜ್ ಎನ್ನುತ್ತಾರೆ. ಒಮಾನಿನ ಐದು ಫಲಜ್‌ಗಳನ್ನು ಯುನೆಸ್ಕೋ 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ಹೊರಗಿನವರು ಬಂದು ಫೋಟೋ ತೆಗೆಯುತ್ತಾರೆ, ಊರವರು ನೀರನ್ನು ಗಂಟೆಯ ಲೆಕ್ಕದಲ್ಲಿ ಪಾಲು ಮಾಡಿಕೊಳ್ಳುತ್ತಾರೆ. ನಮ್ಮ ಸುರಂಗ ಅರಬ್ ವ್ಯಾಪಾರಿಗಳ ಜೊತೆ ಸಮುದ್ರ ದಾಟಿ ಬಂದ ವಿದ್ಯೆ ಇರಬಹುದು ಎಂದು ಕೆಲವರು ಊಹಿಸುತ್ತಾರೆ, ಗಟ್ಟಿ ಸಾಕ್ಷಿ ಸಿಕ್ಕಿಲ್ಲ. ವ್ಯತ್ಯಾಸವೂ ಇದೆ. ಫಲಜ್ ಊರಿನ ಸೊತ್ತು, ಉದ್ದವೂ ಹೆಚ್ಚು. ನಮ್ಮ ಸುರಂಗ ಚಿಕ್ಕದು, ಹೆಚ್ಚಾಗಿ ಒಂದು ಮನೆಯದ್ದು. ‘ಇಪ್ಪತ್ತು ವರ್ಷ ಅಲ್ಲಿ ಫಲಜಿನ ಪಕ್ಕದಲ್ಲೇ ನಡೆದಿದ್ದೇನೆ. ನಮ್ಮಲ್ಲಿಯೂ ಇದೆ ಎಂದು ಅಲ್ಲಿಯವರಿಗೆ ಒಂದು ಸಲವೂ ಹೇಳಿಲ್ಲ’ ಎಂದ.

ಭಟ್ಟ ಆಗ ನಮ್ಮ ಕಾಲಡಿಯ ಕಲ್ಲನ್ನು ತಟ್ಟಿದ. ‘ಆ ನೀರು ಇದ್ದದ್ದು ಇಲ್ಲಿ’ ಎಂದ.

ವಿಷಯ ಇಷ್ಟು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ. ಕೇರಳದ 44 ನದಿಗಳಲ್ಲಿ 12 ಇಲ್ಲಿ ಹರಿಯುತ್ತವೆ. ಆದರೂ ಏಪ್ರಿಲ್ ಬಂದರೆ ಟ್ಯಾಂಕರ್. ಮಳೆ ಮೂರು ನಾಲ್ಕು ತಿಂಗಳಲ್ಲಿ ಸುರಿದು, ಇಳಿಜಾರಿನಲ್ಲಿ ಓಡಿ ಸಮುದ್ರ ಸೇರುತ್ತದೆ. ಅದನ್ನು ಸ್ವಲ್ಪ ಹಿಡಿದಿಡುವುದು ಈ ಕೆಂಪುಕಲ್ಲು. ಮೇಲಿನಿಂದ ಬೋಳು ಬಂಡೆಯಂತೆ ಕಂಡರೂ ಒಳಗೆ ತೂತುಗಳೇ. ಬಿದ್ದ ನೀರು ನಿಧಾನ ಇಳಿದು ಕೆಳಗಿನ ಜೇಡಿಯ ಪದರಕ್ಕೆ ತಾಗಿ ಅಡ್ಡಕ್ಕೆ ಸರಿಯುತ್ತದೆ. ಆ ದಾರಿಯಲ್ಲಿ ಸುರಂಗ ಅದನ್ನು ಹಿಡಿಯುತ್ತದೆ. ಕೋರೆಯವರು ಕಲ್ಲು ತೆಗೆಯುತ್ತಾ ಜೇಡಿಯವರೆಗೆ ಹೋದರೆ ನೀರು ಕೂರುವ ಜಾಗವೇ ಹೋಯಿತು. ಇವನ ಪದವಿನ ಕೆಳಗೆ ಇವನ ಸುರಂಗ ಮಾತ್ರವಲ್ಲ, ಇನ್ನೂ ನಾಲ್ಕು ಮನೆಯವರ ಸುರಂಗ, ಬಾವಿಗಳಿವೆ. ಅದರಲ್ಲಿ ಒಂದು ಭಟ್ಟನ ಮನೆಯದ್ದು.

ಭಟ್ಟ ಇದನ್ನು ಇಷ್ಟು ದಿನ ಹೇಳಿರಲಿಲ್ಲ. ತನ್ನ ಲಾಭಕ್ಕೆ ಹೇಳಿದಂತೆ ಆಗುತ್ತದೆ ಎಂದು ಸಂಕೋಚ. ಆ ರಾತ್ರಿಯೂ ಒಂದೇ ಸಲ ಹೇಳಿದ್ದು.

ಕೆಂಪುಕಲ್ಲಿನ ಮೇಲೆ ನಮಗೇನೂ ಸಿಟ್ಟಿಲ್ಲ ಎಂಬುದನ್ನೂ ಹೇಳಬೇಕು. ನಾವು ಹುಟ್ಟಿದ ಮನೆಗಳು ಆ ಕಲ್ಲಿನದ್ದೇ. ನಮ್ಮ ಹಳೆಯ ಪಳ್ಳಿಗಳ ಗೋಡೆ, ತೋಟದ ಪಾಗಾರ, ಎಲ್ಲವೂ ಅದೇ. ಅಗೆಯುವಾಗ ಮೆತ್ತಗೆ, ಗಾಳಿ ಬಿಸಿಲು ತಾಗಿದಂತೆ ಗಟ್ಟಿ. ಫ್ರಾನ್ಸಿಸ್ ಬುಕಾನನ್ ಮಲಪ್ಪುರಂ ಕಡೆಯ ಅಂಗಾಡಿಪುರದಲ್ಲಿ ನೋಡಿದ ಈ ಕಲ್ಲಿಗೆ 1807ರಲ್ಲಿ ಇಟ್ಟಿಗೆಗೆ ಇರುವ ಲ್ಯಾಟಿನ್ ಪದದಿಂದ ಲ್ಯಾಟರೈಟ್ ಎಂದು ಹೆಸರಿಟ್ಟ. ಲೋಕವೆಲ್ಲ ಇಂದು ಅದೇ ಹೆಸರಿನಿಂದ ಕರೆಯುತ್ತದೆ. ಮನೆ ಕಟ್ಟುವವರಿಗೆ ಕಲ್ಲು ಬೇಕು, ಕೋರೆಯಲ್ಲಿ ದುಡಿಯುವವರಿಗೆ ಕೂಲಿ ಬೇಕು, ತಂಗಿಯ ಮಗಳ ಮದುವೆಗೆ ಹಣ ಬೇಕು. ಇದರಲ್ಲಿ ಯಾವುದೂ ಸುಳ್ಳಲ್ಲ. ಆದ್ದರಿಂದಲೇ ‘ಕೊಡಬೇಡ’ ಎಂದು ನಮ್ಮಲ್ಲಿ ಯಾರೂ ಹೇಳಲಿಲ್ಲ. ಹೇಳುವುದು ಸುಲಭ, ಹಣ ಹೊಂದಿಸಬೇಕಾದವನು ಅವನು.

‘ಪದವಿನಲ್ಲಿ ಏನಿದೆ, ಒಂದು ತೆಂಗಿನ ಸಸಿಯೂ ಬರುವುದಿಲ್ಲ ಎಂದು ಬಾಪ ಬೈಯುತ್ತಿದ್ದರು’ ಎಂದ ಅವನು ಸ್ವಲ್ಪ ಹೊತ್ತಿನ ಮೇಲೆ. ‘ಆದರೂ ಮಾರಲಿಲ್ಲ. ಯಾಕೆಂದು ನಾನು ಕೇಳಲೂ ಇಲ್ಲ.’

ಹನ್ನೊಂದರ ಹೊತ್ತಿಗೆ ಮಾತು ನಿಂತಿತು. ಚಾಪೆಯ ಮೇಲೆ ಅಂಗಾತ ಮಲಗಿದೆವು. ಟೆಂಟು ಒಂದಿತ್ತು, ಮಾಷ್ ತಂದದ್ದು. ಒಳಗೆ ಯಾರೂ ಹೋಗಲಿಲ್ಲ, ನಮ್ಮ ಚೀಲಗಳು ಮಲಗಿದವು. ಹಗಲಿನ ಬಿಸಿಲು ಹೀರಿದ ಕಲ್ಲು ಬೆನ್ನಿಗೆ ಬೆಚ್ಚಗಿತ್ತು, ಮುಖಕ್ಕೆ ಚಳಿ. ಎಲ್ಲೋ ಟಿಟ್ಟಿಭ ಕೂಗಿತು. ಕೆಳಗಿನ ತೋಟದಿಂದ ನರಿಗಳ ಊಳು ಕೇಳಿ ಊರಿನ ನಾಯಿಗಳೆಲ್ಲ ಉತ್ತರ ಕೊಟ್ಟವು.

ದಕ್ಷಿಣದಲ್ಲಿ, ಗೇರು ಮರಗಳ ಮೇಲೆ, ಒಂದು ದೊಡ್ಡ ನಕ್ಷತ್ರ ಹೊಳೆಯುತ್ತಿತ್ತು. ‘ಸುಹೈಲ್’ ಎಂದ ಒಮಾನಿನವ. ಆಗಸ್ಟ್ ಕೊನೆಯಲ್ಲಿ ಅದು ಬೆಳಗಿನ ಜಾವ ಕಾಣಲು ಶುರುವಾದರೆ ಗಲ್ಫಿನಲ್ಲಿ ಸೆಕೆ ಮುರಿಯಿತೆಂದು ಜನ ಸಂತೋಷ ಪಡುತ್ತಾರೆ. ಭಟ್ಟ ಅದನ್ನು ಅಗಸ್ತ್ಯ ಎಂದ. ಅಗಸ್ತ್ಯ ಹುಟ್ಟಿದರೆ ಮಳೆಗಾಲದ ಕದಡಿದ ನೀರು ತಿಳಿಯಾಗುತ್ತದೆ ಎಂಬುದು ಅವರ ಹಿರಿಯರ ಲೆಕ್ಕ. ಒಬ್ಬರಿಗೆ ಸೆಕೆಯ ಕೊನೆ, ಇನ್ನೊಬ್ಬರಿಗೆ ಮಳೆಯ ಇಳಿತ. ನಕ್ಷತ್ರ ಒಂದೇ, ತಿಂಗಳೂ ಹೆಚ್ಚು ಕಡಿಮೆ ಅದೇ.

ಬೆಳಗ್ಗೆ ಐದಕ್ಕೆ ಮಾಷ್ ಎಲ್ಲರನ್ನೂ ಎಬ್ಬಿಸಿದ. ಪೂರ್ವದಲ್ಲಿ ನೆಲದಿಂದ ಮೇಲಕ್ಕೆ ಒಂದು ಮಸುಕು ಬೆಳಕು ಕಂಬದಂತೆ ನಿಂತಿತ್ತು, ಮೇಲೆ ಹೋದಂತೆ ಸಪೂರ. ‘ಇದು ಸುಬ್ಹ್ ಕಾಝಿಬ್, ಸುಳ್ಳು ಬೆಳಗು’ ಎಂದ. ಮದ್ರಸದಲ್ಲಿ ಉಸ್ತಾದರು ತೋಳದ ಬಾಲದಂತೆ ಇರುತ್ತದೆ ಎಂದು ಪಾಠ ಮಾಡಿದ್ದರು. ನಾವು ಪರೀಕ್ಷೆಗೆ ಬರೆದಿದ್ದೆವು, ಕಣ್ಣಿನಿಂದ ನೋಡಿರಲಿಲ್ಲ. ಊರಿನ ದೀಪಗಳ ನಡುವೆ ಅದು ಕಾಣುವುದೇ ಇಲ್ಲ. ವಿಜ್ಞಾನದವರು ಅದನ್ನು ಸೂರ್ಯನ ಸುತ್ತ ಹರಡಿರುವ ಧೂಳಿಗೆ ಬೆಳಕು ಬಿದ್ದು ಕಾಣುವುದು ಎನ್ನುತ್ತಾರೆ. ಅರ್ಧ ಗಂಟೆಗೂ ಹೆಚ್ಚು ಕಾದ ಮೇಲೆ ಆ ಕಂಬದ ಬುಡದಲ್ಲಿ ಬಿಳಿ ಗೆರೆಯೊಂದು ಮೂಡಿ ಎಡಕ್ಕೂ ಬಲಕ್ಕೂ ಹರಡಿತು. ಅದು ಸುಬ್ಹ್ ಸಾದಿಖ್, ನಿಜವಾದ ಬೆಳಗು. ಅದೇ ಹೊತ್ತಿಗೆ ಕೆಳಗಿನ ಪಳ್ಳಿಯಿಂದ ಬಾಂಗ್ ಕೇಳಿಸಿತು. ಬಾಂಗಿಗೆ ಮೊದಲೇ ಬೆಳಗನ್ನು ನೋಡಿ, ಇದು ಸುಬಹಿಯ ಹೊತ್ತು ಎಂದು ನಮಗೆ ನಾವೇ ತಿಳಿದುಕೊಂಡದ್ದು ಜೀವನದಲ್ಲಿ ಅದೇ ಮೊದಲು.

ನಮಾಜ್ ಮುಗಿಸಿ ಬೆಳಕಾದ ಮೇಲೆ ಒಮಾನಿನವ ಸುರಂಗದ ಬಾಯಿಗೆ ಇಳಿದ. ಮೊಬೈಲಿನ ಟಾರ್ಚ್ ಹಿಡಿದು ಬಗ್ಗಿ ಒಳಗೆ ಹೋದ. ನಾವು ಹೊರಗೆ ನಿಂತೆವು. ಸ್ವಲ್ಪ ಹೊತ್ತಿನಲ್ಲಿ ಪ್ಯಾಂಟೆಲ್ಲ ಕೆಂಪಾಗಿ ಹೊರಗೆ ಬಂದ. ಕೊನೆಯವರೆಗೆ ಹೋಗಿದ್ದೆ, ಗೋಡೆಯಿಂದ ಹನಿ ಬೀಳುತ್ತಿದೆ ಎಂದ. ವಿಡಿಯೋ ಮಾಡಿ ಅಲ್ಲಿಂದಲೇ ಇಬ್ಬರು ತಂಗಿಯರಿಗೆ ಕಳಿಸಿದ. ಒಬ್ಬಳು ಕೂಡಲೇ ಫೋನ್ ಮಾಡಿದಳು. ‘ಕಾಕ, ಅದು ಇನ್ನೂ ಇದೆಯಾ?’ ಎಂದು ಅವಳು ಕೇಳಿದ್ದು ನಮಗೂ ಕೇಳಿಸಿತು.

ಆಮೇಲೆ ಏನಾಯಿತು ಎಂದರೆ, ಪೂರ್ತಿ ಮುಗಿದ ಕಥೆ ನನ್ನಲ್ಲಿಲ್ಲ. ಅವನು ಕೋರೆಯವರಿಂದ ಮುಂಗಡ ತೆಗೆದುಕೊಳ್ಳಲಿಲ್ಲ. ರಸ್ತೆ ಬದಿಯ ಮೂವತ್ತು ಸೆಂಟ್ಸನ್ನು ಮನೆ ಕಟ್ಟುವವರಿಗೆ ಕೊಟ್ಟು ಮದುವೆಯ ಖರ್ಚು ನೋಡಿಕೊಳ್ಳುವುದು ಎಂದು ಮೂವರೂ ಸೇರಿ ತೀರ್ಮಾನಿಸಿದ್ದಾರೆ. ಪದವಿನ ಪಾಲಿನ ಮಾತು ಮುಂದಿನ ರಜೆಗೆ ಹೋಗಿದೆ. ಆಗ ತಂಗಿಯರು ಏನು ಹೇಳುತ್ತಾರೋ, ಬೆಲೆ ಎಲ್ಲಿಗೆ ಹೋಗಿರುತ್ತದೋ ಗೊತ್ತಿಲ್ಲ. ಅವರ ಪಾಲು ಅವರ ಹಕ್ಕು. ಬೇಕೆಂದು ಅವರು ಕೇಳಿದರೆ ಸುರಂಗದ ಹೆಸರು ಹೇಳಿ ತಡೆಯುವುದು ನ್ಯಾಯವಲ್ಲ ಎಂದು ಅವನೇ ಹೇಳುತ್ತಾನೆ. ಭಟ್ಟನ ಅಣ್ಣ ತಮ್ಮಂದಿರು ಮತ್ತು ಕೆಳಗಿನ ಮನೆಯವರು ಸೇರಿ ತಂಗಿಯರ ಪಾಲಿನ ಸ್ವಲ್ಪ ಭಾಗವನ್ನು ಖರೀದಿಸಬಹುದೇ ಎಂಬ ಮಾತು ಮೆಲ್ಲನೆ ನಡೆಯುತ್ತಿದೆ.

ಇದನ್ನು ಬರೆದದ್ದು ಕೋರೆಯವರಿಗೆ ವಿರುದ್ಧವಾಗಿ ಅಲ್ಲ, ಟೆಂಟ್ ವ್ಯಾಪಾರಕ್ಕೂ ಅಲ್ಲ. ನಮ್ಮ ಸಮುದಾಯದಲ್ಲಿ ಜಾಗದ ತೀರ್ಮಾನಗಳೆಲ್ಲ ರಜೆಯ ಮೂವತ್ತು ದಿನಗಳಲ್ಲಿ, ಬ್ರೋಕರನ ಕಾರಿನಲ್ಲಿ, ರಿಜಿಸ್ಟ್ರಾರ್ ಆಫೀಸಿನ ಜಗಲಿಯಲ್ಲಿ ಆಗುತ್ತವೆ. ಹಿರಿಯರು ಕೊರೆದ ಸುರಂಗವನ್ನು ನೋಡದವರು ಅದರ ಮೇಲಿನ ಕಲ್ಲಿಗೆ ಬೆಲೆ ಕಟ್ಟುತ್ತಾರೆ. ನಿಮ್ಮ ಕುಟುಂಬದ ಜಾಗವೂ ಎಲ್ಲಾದರೂ ಹೀಗೆ ಇದ್ದರೆ, ಪಾಲು ಮಾಡುವ ಮೊದಲು ಒಂದು ರಾತ್ರಿ ಅಲ್ಲಿ ಇದ್ದು ಬನ್ನಿ. ಮಳೆ ಬಿಟ್ಟ ಮೇಲೆ, ಡಿಸೆಂಬರ್‌ನಿಂದ ಫೆಬ್ರವರಿಯ ಒಳಗೆ ಒಳ್ಳೆಯದು. ನೆರೆಯವರಿಗೆ ಹೇಳಿ ಹೋಗಿ. ಹುಲ್ಲಿನಲ್ಲಿ ಬೆಂಕಿ ಹಾಕಬೇಡಿ. ಸುರಂಗದೊಳಗೆ ಒಬ್ಬರೇ ಹೋಗಬೇಡಿ, ಮಕ್ಕಳನ್ನು ಒಳಗೆ ಬಿಡಲೇಬೇಡಿ. ತಂದ ಪ್ಲಾಸ್ಟಿಕ್ ವಾಪಸು ತನ್ನಿ.

ಇನ್ನೊಂದು ಮಾತು. ನಾವು ಗಂಡಸರು ಮಾತ್ರ ಹೋದದ್ದು. ವಾಪಸು ಬಂದು ತೋಳದ ಬಾಲದ ವಿಷಯ ಹೇಳಿದಾಗ ಮಾಷ್‌ನ ಮಗಳು, ಒಂಬತ್ತನೇ ಕ್ಲಾಸಿನವಳು, ‘ನಮ್ಮ ಪುಸ್ತಕದಲ್ಲೂ ಇದೆ, ನಮಗೆ ಯಾರು ತೋರಿಸುವುದು?’ ಎಂದು ಕೇಳಿದಳು. ಪಾಲು ಇರುವುದು ತಂಗಿಯರಿಗೂ. ಮುಂದಿನ ಜನವರಿಯಲ್ಲಿ ಐದು ಮನೆಯವರೂ ಹೋಗುವುದು ಎಂದು ಈಗ ಮಾತಾಗಿದೆ. ಉಮ್ಮ ಕೂಡ ಬರುತ್ತಾರಂತೆ. ಆದರೆ ಕಲ್ಲಿನ ಮೇಲೆ ಮಲಗುವುದಿಲ್ಲ, ಅವರಿಗೊಂದು ಮಡಚುವ ಮಂಚ ಬೇಕಂತೆ. ರಿಕ್ಷಾದವನು ಅದನ್ನು ತರುತ್ತೇನೆ ಎಂದು ಒಪ್ಪಿಕೊಂಡಿದ್ದಾನೆ.